ಕರಿದ ಮೀನಿನ ಹಿಂದಿನ ಚರಿತ್ರೆ

ಮೀನಿಗೆ ಹಿಟ್ಟು ಸವರಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿಯುವ ಕ್ರಮವು ಇಂದು ಸರ್ವಸಾಮಾನ್ಯ. ಅದರ ಹಿಂದೆ ಒಂದು ಜನಾಂಗದ ಕಷ್ಟದ ಕಥೆಯಿದೆ. ಸಬ್ಬತ್ತಿನಂದು ಬೆಂಕಿ ಹೊತ್ತಿಸದ ಸ್ಪೇನ್, ಪೋರ್ಚುಗಲ್‌ಗಳ ಯೆಹೂದ್ಯರು ಶುಕ್ರವಾರವೇ ಮೀನನ್ನು ಕರಿದಿಟ್ಟು ಶನಿವಾರ ತಣ್ಣಗೆ ಉಣ್ಣುತ್ತಿದ್ದರು. 1492ರಲ್ಲಿ ಸ್ಪೇನ್ ಅವರನ್ನು ಹೊರಗಟ್ಟಿತು. 1497ರಲ್ಲಿ ಪೋರ್ಚುಗಲಿನ ಅರಸನು ಬಲಾತ್ಕಾರದಿಂದ ಜ್ಞಾನಸ್ನಾನ ಮಾಡಿಸಿದನು. ಅನಂತರ ಶುಕ್ರವಾರವೇ ಶನಿವಾರದ ಅಡುಗೆ ಮಾಡಿಡುವುದು ಸಹ ಧರ್ಮವಿಚಾರಣಾ ಮಂಡಳಿಯ ಸಂಶಯಕ್ಕೆ ಗುರಿಯಾಯಿತು. ಇಂಗ್ಲೆಂಡಿಗೆ ಓಡಿಬಂದ ಪೋರ್ಚುಗೀಸ್ ನಿರಾಶ್ರಿತರ ಈ ಮೀನಡುಗೆಯನ್ನು ವೈದ್ಯ ಮನುಯೆಲ್ ಬ್ರೂದೊ 1544ರಲ್ಲಿಯೇ ತನ್ನ ಗ್ರಂಥದಲ್ಲಿ ದಾಖಲಿಸಿದನು. ಕಾಲಕ್ರಮದಲ್ಲಿ ಅದು ಇಂಗ್ಲಿಷರ ಪ್ರಿಯ ಭೋಜನವಾಯಿತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಯೆಹೂದ್ಯ ದ್ವೇಷವನ್ನು ಖಂಡಿಸಿತು. ಶುಕ್ರವಾರ ಮಾಂಸ ವರ್ಜಿಸಿ ಮನೆಯಲ್ಲಿ ನಿರ್ಭಯವಾಗಿ ಮೀನು ಕರಿಯುವ ನಾವು, ಅದೇ ಅಡುಗೆಗಾಗಿ ನೆರೆಯವರಿಗೆ ಹೆದರಿ ಬಾಳಿದವರನ್ನು ವಿನಯದಿಂದ ಸ್ಮರಿಸುವುದು ಉಚಿತ.