ಸ್ಟಾಕ್‌ಹೋಮ್‌ನ ಬಿಸಿಲು, ನಿದ್ದೆಗೆಟ್ಟ ಓಟಗಾರ

ಮ್ಯಾರಥಾನ್ ಓಟದ ಫಲಿತಾಂಶ ಪಟ್ಟಿಯಲ್ಲಿ ಓಟಗಾರನ ಹೆಸರಿನ ಮುಂದೆ ಗಂಟೆ, ನಿಮಿಷ, ಸೆಕೆಂಡುಗಳ ಲೆಕ್ಕ ಇರುತ್ತದೆ. ಹಿಂದಿನ ರಾತ್ರಿ ಆತ ಎಷ್ಟು ಹೊತ್ತು ನಿದ್ದೆ ಮಾಡಿದ್ದ, ಏನು ತಿಂದಿದ್ದ, ಎಷ್ಟು ದಿನ ರೈಲಿನಲ್ಲಿ ಕುಳಿತು ಬಂದಿದ್ದ ಎಂಬುದನ್ನು ಅಲ್ಲಿ ಯಾರೂ ಬರೆಯುವುದಿಲ್ಲ. ಓಟವನ್ನು ಮುಗಿಸಲಾಗದವರ ಹೆಸರಿನ ಮುಂದಂತೂ ಅಂಕಿಗಳೂ ಇಲ್ಲ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್ ಪಟ್ಟಿಯಲ್ಲಿ ಹಾಗೆ ಖಾಲಿ ಉಳಿದ ಹೆಸರುಗಳಲ್ಲಿ ಎರಡನ್ನು ನೆನಪಿಡಬೇಕು. ಒಂದು, ಜಪಾನಿನ ಶಿಜೋ ಕನಾಕುರಿ. ಇನ್ನೊಂದು, ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಜಾರೊ. ಒಬ್ಬರು ಆ ದಿನ ಬದುಕುಳಿದು ತೊಂಬತ್ತೆರಡರವರೆಗೆ ಬಾಳಿದರು. ಇನ್ನೊಬ್ಬರು ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು.

ಜಪಾನ್ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ್ದು ಅದೇ ಮೊದಲು. ಅದರ ತಂಡದಲ್ಲಿದ್ದ ಕ್ರೀಡಾಪಟುಗಳು ಇಬ್ಬರೇ: ಕಡಿಮೆ ದೂರದ ಓಟಗಳಿಗೆ ಯಾಹಿಕೊ ಮಿಶಿಮಾ, ಮ್ಯಾರಥಾನ್‌ಗೆ ಕನಾಕುರಿ. ಕನಾಕುರಿ ಹುಟ್ಟಿದ್ದು 1891ರಲ್ಲಿ, ಕುಮಾಮೊಟೊ ಪ್ರಾಂತದ ಹಳ್ಳಿಯಲ್ಲಿ. ಟೋಕಿಯೊದಲ್ಲಿ ಅವರು ಓದುತ್ತಿದ್ದ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥರು ಜೂಡೊ ಕ್ರೀಡೆಯ ಸ್ಥಾಪಕ ಜಿಗೊರೊ ಕಾನೊ. 1911ರ ನವೆಂಬರ್‌ನಲ್ಲಿ ಹನೇಡಾದಲ್ಲಿ ನಡೆದ ಆಯ್ಕೆ ಓಟದಲ್ಲಿ ಕನಾಕುರಿ 25 ಮೈಲಿಗಳನ್ನು 2 ಗಂಟೆ 32 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿದರು. ಜಗತ್ತಿನಲ್ಲೇ ಯಾರೂ ಇಷ್ಟು ಬೇಗ ಓಡಿಲ್ಲವೆಂದು ಜಪಾನಿನ ಪತ್ರಿಕೆಗಳು ಸಂಭ್ರಮಿಸಿದವು. ಅಂದು ಅಳೆದ ದಾರಿ ನಿಜಕ್ಕೂ 25 ಮೈಲಿ ಇತ್ತೇ ಎಂಬ ಸಂದೇಹ ಉಂಟು. ಅದೇನೇ ಇರಲಿ, ನಿರೀಕ್ಷೆಯ ಹೊರೆ ಇಪ್ಪತ್ತರ ಹುಡುಗನ ಹೆಗಲೇರಿತು. ಪ್ರಯಾಣದ ಖರ್ಚಿಗೆ ಸರ್ಕಾರದ ಹಣವಿರಲಿಲ್ಲ. ಸಹಪಾಠಿಗಳು ಚಂದಾ ಎತ್ತಿದರು.

1912ರ ಮೇ ತಿಂಗಳ ನಡುವಿನಲ್ಲಿ ಟೋಕಿಯೊ ಬಿಟ್ಟ ತಂಡ ತ್ಸುರುಗಾ ಬಂದರಿನಿಂದ ಹಡಗಿನಲ್ಲಿ ವ್ಲಾಡಿವೊಸ್ಟಾಕ್‌ಗೆ ಹೋಯಿತು. ಅಲ್ಲಿಂದ ಮುಂದೆ ಸೈಬೀರಿಯಾದ ರೈಲು. ಎಲ್ಲ ಸೇರಿ 18 ದಿನಗಳ ಪ್ರಯಾಣ. ರೈಲು ನಿಂತಲ್ಲೆಲ್ಲ ಇಬ್ಬರೂ ಪ್ಲಾಟ್‌ಫಾರಂ ಮೇಲೆ ಇಳಿದು ಕೈಕಾಲು ಆಡಿಸಿ, ನಿಲ್ದಾಣದ ಸುತ್ತ ನಾಲ್ಕು ಹೆಜ್ಜೆ ಓಡಿ ಮತ್ತೆ ಹತ್ತಿಕೊಳ್ಳುತ್ತಿದ್ದರು.

ಕನಾಕುರಿಯ ಸೋಲಿಗೆ ಈ ದೀರ್ಘ ಪ್ರಯಾಣವೇ ಕಾರಣವೆಂದು ಅನೇಕರು ಬರೆದಿದ್ದಾರೆ. ಆದರೆ ದಿನಾಂಕಗಳನ್ನು ಲೆಕ್ಕ ಹಾಕಿದರೆ ಈ ಮಾತು ಪೂರ್ತಿ ನಿಲ್ಲುವುದಿಲ್ಲ. ತಂಡ ಸ್ಟಾಕ್‌ಹೋಮ್ ಸೇರಿದ್ದು ಜೂನ್ ಆರಂಭದಲ್ಲಿ, ಓಟ ನಡೆದದ್ದು ಜುಲೈ 14ರಂದು. ನಡುವೆ ಆರು ವಾರ ಸಿಕ್ಕಿತ್ತು. ಪ್ರಯಾಣದ ದಣಿವು ಆರಲು ಅಷ್ಟು ಸಾಕು. ನನ್ನ ಮಟ್ಟಿಗೆ, ಅವರನ್ನು ಹಣ್ಣುಮಾಡಿದ್ದು ಆ ಆರು ವಾರಗಳೇ.

ಸ್ವೀಡನ್‌ನಲ್ಲಿ ಜೂನ್ ತಿಂಗಳೆಂದರೆ ಇರುಳಿಲ್ಲದ ಇರುಳುಗಳ ಕಾಲ. ಸ್ಟಾಕ್‌ಹೋಮ್‌ನಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಮುಳುಗಿದ ಸೂರ್ಯ ಬೆಳಗಿನ ಜಾವ ಎರಡೂವರೆಗೆಲ್ಲ ಹಾಜರು. ನಡುವಿನ ಹೊತ್ತಿನಲ್ಲೂ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ಹೊತ್ತು ಮುಳುಗಿದರೆ ಮಲಗುವ ನಾಡಿನಿಂದ ಬಂದವರಿಗೆ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಊಟವೂ ಒಗ್ಗಲಿಲ್ಲ, ಅನ್ನವಿಲ್ಲದ ಊಟ ಅವರಿಗೆ ಊಟವೇ ಆಗಿರಲಿಲ್ಲ. ಇದರ ಮೇಲೆ, ಜೊತೆಗೆ ಬಂದಿದ್ದ ತರಬೇತುದಾರ ಹ್ಯೋಜೊ ಓಮೊರಿ ಅವರಿಗೆ ಕ್ಷಯ. ಶಿಷ್ಯರಿಗೆ ಹೇಳಿಕೊಡಬೇಕಾದವರು ಹಾಸಿಗೆ ಹಿಡಿದಿದ್ದರು. ಮುಂದಿನ ವರ್ಷ ಜನವರಿಯಲ್ಲೇ ಅವರು ತೀರಿಕೊಂಡರು.

ಕನಾಕುರಿ ತೊಟ್ಟಿದ್ದು ‘ತಾಬಿ’. ಹೆಬ್ಬೆರಳಿಗೊಂದು, ಉಳಿದ ಬೆರಳುಗಳಿಗೊಂದು ಗೂಡು ಇರುವ ಜಪಾನಿ ಬಟ್ಟೆಯ ಪಾದರಕ್ಷೆ ಅದು. ಮಣ್ಣಿನ ದಾರಿಗೆ ಅದು ಸರಿ. ಸ್ಟಾಕ್‌ಹೋಮ್‌ನ ಗಟ್ಟಿ ರಸ್ತೆಗಳಲ್ಲಿ ದಿನವೂ ಅಭ್ಯಾಸ ಮಾಡಿದಾಗ ಹೆಜ್ಜೆಯ ಪೆಟ್ಟೆಲ್ಲ ನೇರವಾಗಿ ಮೊಣಕಾಲಿಗೆ ತಾಗಿತು. ಇಷ್ಟು ನೋವು, ಇಷ್ಟು ನಿದ್ದೆಗೇಡು ಇಟ್ಟುಕೊಂಡು ಒಬ್ಬಂಟಿಯಾಗಿ ಅಭ್ಯಾಸ ಮುಂದುವರಿಸಿದವರನ್ನು ‘ಸಾಕು, ಇವತ್ತು ಮಲಗು’ ಎಂದು ತಡೆಯುವ ಹಿರಿಯರೂ ಪಕ್ಕದಲ್ಲಿರಲಿಲ್ಲ.

ಜುಲೈ 14, ಭಾನುವಾರ. ಓಟ ಶುರುವಾದದ್ದು ಮಧ್ಯಾಹ್ನ 1 ಗಂಟೆ 48 ನಿಮಿಷಕ್ಕೆ. ಕ್ರೀಡಾಂಗಣದಿಂದ ಹೊರಟು ಸೊಲ್ಲೆಂತುನಾ ಎಂಬ ಊರಿನ ಚರ್ಚಿನವರೆಗೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಬೇಕು, ಒಟ್ಟು 40.2 ಕಿಲೋಮೀಟರ್. (ಇಂದಿನ 42.195 ಕಿ.ಮೀ. ಆಗಿನ್ನೂ ಕಾಯಂ ಆಗಿರಲಿಲ್ಲ.) ನೆರಳಿನಲ್ಲೇ ಉಷ್ಣತೆ ಸುಮಾರು 32 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿಯ ಓದುಗರು ಇದನ್ನು ಕೇಳಿ ನಕ್ಕಾರು. ಆದರೆ ಸೆಕೆ ಎಂಬುದು ಒಗ್ಗಿದ ಮೈಗೆ ಒಂದು, ಒಗ್ಗದ ಮೈಗೆ ಇನ್ನೊಂದು. ಬಿಸಿಲಿಗೆ ದೇಹ ಹದಗೊಳ್ಳಲು ಹತ್ತು ಹದಿನೈದು ದಿನ ಬೇಕು. ನಿದ್ದೆಗೆಟ್ಟ ದೇಹ ಬಿಸಿಲನ್ನು ಇನ್ನಷ್ಟು ಕಡಿಮೆ ತಾಳುತ್ತದೆಂದು ಇಂದಿನ ವೈದ್ಯರು ಹೇಳುತ್ತಾರೆ. ಕನಾಕುರಿಯನ್ನು ಕರೆದೊಯ್ಯಬೇಕಿದ್ದ ಕಾರು ಅಂದು ಬರಲಿಲ್ಲವಂತೆ. ಕ್ರೀಡಾಂಗಣಕ್ಕೇ ಓಡಿ ಹೋಗಬೇಕಾಯಿತೆಂದು ಜಪಾನಿ ಬರಹಗಳು ಹೇಳುತ್ತವೆ.

ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಓಟಕ್ಕೆ ಸಲ್ಲುವುದು ಸುಮಾರು ಕಾಲುಭಾಗ ಮಾತ್ರ. ಉಳಿದದ್ದೆಲ್ಲ ಶಾಖ. ಆ ಶಾಖವನ್ನು ಹೊರಹಾಕಲು ದೇಹಕ್ಕಿರುವ ದೊಡ್ಡ ಉಪಾಯ ಬೆವರು. ನಮ್ಮ ಮಣ್ಣಿನ ಹೂಜಿಯನ್ನು ನೆನೆಯಿರಿ. ಮೈಯಿಂದ ಜಿನುಗಿದ ನೀರು ಆರುವುದರಿಂದಲೇ ಒಳಗಿನ ನೀರು ತಣ್ಣಗಾಗುತ್ತದೆ. ಬೆವರಿನ ಕೆಲಸವೂ ಅದೇ. ಹಾಗಾಗಿ ಓಡುವವನಿಗೆ ನೀರು ಬೇಕು, ಬೆವರು ಆರಲು ಗಾಳಿ ಬೇಕು.

ಆ ಕಾಲದ ಓಟಗಾರರ ನಂಬಿಕೆಗಳು ಇದಕ್ಕೆ ತಿರುಗುಮುರುಗು. ಓಡುವಾಗ ನೀರು ಕುಡಿದರೆ ಕೆಡುಕು ಎಂಬುದು ಬಹುತೇಕ ಕಡೆ ರೂಢಿಯಲ್ಲಿದ್ದ ಮಾತು. 1904ರ ಸೇಂಟ್ ಲೂಯಿ ಒಲಿಂಪಿಕ್ಸ್‌ನಲ್ಲಿ ಸಂಘಟಕರು ನೀರಿಲ್ಲದೆ ದೇಹ ಎಷ್ಟು ತಾಳುತ್ತದೆಂದು ನೋಡುವ ಕುತೂಹಲದಿಂದ ದಾರಿಯುದ್ದಕ್ಕೂ ನೀರನ್ನು ಬೇಕೆಂದೇ ಕಡಿಮೆ ಇಟ್ಟಿದ್ದರು. ಜಪಾನಿನಲ್ಲೂ ದೇಹದ ‘ಎಣ್ಣೆ ಇಳಿಸುವ’ ಪದ್ಧತಿಯೊಂದಿತ್ತು. ದಪ್ಪ ಬಟ್ಟೆ ಹೊದ್ದು ಬೆವರಿಳಿಸುವುದು, ನೀರು ಕುಡಿಯದಿರುವುದು. ಕನಾಕುರಿ ಆಯ್ಕೆ ಓಟಕ್ಕೆ ಮೊದಲು ಅದನ್ನು ಕೆಲದಿನ ಮಾಡಿ ನೋಡಿ, ಪ್ರಾಣಕ್ಕೇ ಬರುತ್ತದೆನಿಸಿ ಬಿಟ್ಟಿದ್ದರು.

ಲಜಾರೊ ಲಿಸ್ಬನ್ನಿನ ಬಡಗಿ. ವಾಹನಗಳ ಮೈಕಟ್ಟು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಪೋರ್ಚುಗಲ್‌ಗೂ ಅದು ಮೊದಲ ಒಲಿಂಪಿಕ್ಸ್; ಉದ್ಘಾಟನೆಯ ದಿನ ದೇಶದ ಬಾವುಟ ಹಿಡಿದವರು ಇವರೇ. ಬಿಸಿಲಿಗೆ ಚರ್ಮ ಸುಡದಿರಲೆಂದು ಅವರು ಮೈಗೆ ಮೇಣದಂಥ ಜಿಡ್ಡು ಬಳಿದುಕೊಂಡು ಓಡಿದರು. ಹೂಜಿಯ ಹೊರಮೈಗೆ ಮೇಣ ಮೆತ್ತಿದಂತಾಯಿತು. ಬೆವರು ಹೊರಬರಲಿಲ್ಲ, ಶಾಖ ಒಳಗೇ ಏರಿತು. ಸುಮಾರು 30ನೆಯ ಕಿಲೋಮೀಟರಿನ ಬಳಿ ಕುಸಿದು ಬಿದ್ದರು. ಆಧುನಿಕ ಒಲಿಂಪಿಕ್ಸ್‌ನ ಸ್ಪರ್ಧೆಯೊಂದರಲ್ಲಿ ಕುಸಿದು ಪ್ರಾಣ ಕಳೆದುಕೊಂಡ ಮೊದಲ ಕ್ರೀಡಾಪಟು ಅವರು.

ಅಂದು ಹೊರಟ 68 ಮಂದಿಯಲ್ಲಿ ಗುರಿ ಮುಟ್ಟಿದ್ದು ಸುಮಾರು ಅರ್ಧದಷ್ಟು ಮಂದಿ. ಗೆದ್ದವರು ದಕ್ಷಿಣ ಆಫ್ರಿಕಾದ ಪೊಲೀಸ್ ಕೆನ್ ಮ್ಯಾಕ್‌ಆರ್ಥರ್, 2 ಗಂಟೆ 36 ನಿಮಿಷ 54.8 ಸೆಕೆಂಡು. ಎರಡನೆಯವರೂ ಅದೇ ದೇಶದ ಕ್ರಿಶ್ಚಿಯನ್ ಗಿಟ್‌ಶಾಮ್. ಗಿಟ್‌ಶಾಮ್ ನೀರು ಕುಡಿಯಲು ನಿಂತರು, ಜೊತೆಗಾರನೂ ನಿಲ್ಲುತ್ತಾನೆಂದುಕೊಂಡಿದ್ದರು, ಮ್ಯಾಕ್‌ಆರ್ಥರ್ ಮಾತ್ರ ನಿಲ್ಲದೆ ಓಡಿದರು ಎಂಬ ಕತೆ ಪ್ರಚಲಿತ. ಅದೇ ಕೂಟದಲ್ಲಿ ಮೂರು ಚಿನ್ನ ಗೆದ್ದು ಹೆಸರಾದ ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಅವರ ಅಣ್ಣ ತಾತು ಆರಂಭದಲ್ಲಿ ಮುಂದಿದ್ದರು, ಅವರೂ ಕೊನೆಮುಟ್ಟಲಿಲ್ಲ.

ಕನಾಕುರಿ ಮೊದಲು ಹಿಂದೆ ಬಿದ್ದು, ಆಮೇಲೆ ಕೆಲವರನ್ನು ದಾಟಿ, ಚರ್ಚಿನ ಬಳಿ ತಿರುಗಿಕೊಂಡು ಹಿಂದಿರುಗುತ್ತಿದ್ದರು. ಸುಮಾರು 27ನೆಯ ಕಿಲೋಮೀಟರಿನ ಹತ್ತಿರ ಕಣ್ಣು ಕತ್ತಲಿಟ್ಟಿತು. ರಸ್ತೆ ಬದಿಯ ಮನೆಯೊಂದರ ತೋಟದಲ್ಲಿ ಅವರನ್ನು ಕೂರಿಸಿ ಆ ಮನೆಯವರು ಹಣ್ಣಿನ ರಸ ಕೊಟ್ಟು ಉಪಚರಿಸಿದರು. ಚೇತರಿಸಿಕೊಂಡು ನಗರಕ್ಕೆ ಮರಳಿದ ಕನಾಕುರಿ ಓಟದ ಅಧಿಕಾರಿಗಳಿಗೆ ತಾನು ಹೊರಬಿದ್ದೆನೆಂದು ತಿಳಿಸಲಿಲ್ಲ. ತಿಳಿಸಲು ಮನಸ್ಸು ಬರಲಿಲ್ಲ ಎನ್ನಬಹುದೇನೋ. ಚಂದಾ ಎತ್ತಿ ಕಳಿಸಿದ ಗೆಳೆಯರಿಗೆ ಯಾವ ಮುಖ ತೋರಿಸುವುದೆಂಬ ಸಂಕಟ. ಈ ಅವಮಾನವನ್ನು ಎಂದಾದರೂ ತೊಳೆಯುತ್ತೇನೆಂದು ದಿನಚರಿಯಲ್ಲಿ ಬರೆದುಕೊಂಡರು. ಅದೇ ದಿನ, ಅದೇ ಬಿಸಿಲಿನಲ್ಲಿ ಬಿದ್ದ ಲಜಾರೊಗೆ ಹೋಲಿಸಿದರೆ ಆ ತೋಟ ಅವರ ಪಾಲಿಗೆ ಎಂಥ ಭಾಗ್ಯವಾಗಿತ್ತೆಂದು ಆಗ ಅವರಿಗೆ ತೋಚಿತ್ತೋ ಇಲ್ಲವೋ.

ಇಲ್ಲಿಂದ ಹುಟ್ಟಿದ್ದೇ ‘ಕಾಣೆಯಾದ ಓಟಗಾರ’ನ ಕತೆ. ಸ್ವೀಡನ್ ಅವರನ್ನು ಅರ್ಧ ಶತಮಾನ ಹುಡುಕಿತು ಎನ್ನುತ್ತಾರೆ. 1967ರ ಮಾರ್ಚ್‌ನಲ್ಲಿ ಸ್ವೀಡನ್‌ನ ಒಲಿಂಪಿಕ್ ಸಮಿತಿ ಅವರನ್ನು ಕರೆಸಿ, ಹಳೆಯ ಕ್ರೀಡಾಂಗಣದಲ್ಲಿ ಗುರಿಯ ದಾರ ಕಟ್ಟಿ ಓಡಿಸಿತು. 75ರ ವೃದ್ಧರು ಕೋಟು ತೊಟ್ಟೇ ದಾರ ದಾಟಿದರು. ಕಾಲ: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು. ದಾರಿ ಬಹಳ ಉದ್ದವಾಯಿತು, ನಡುವೆ ಮದುವೆಯಾಗಿ ಆರು ಮಕ್ಕಳು, ಹತ್ತು ಮೊಮ್ಮಕ್ಕಳೂ ಆದರು ಎಂದು ಅವರು ನಗೆಯಾಡಿದರು. ಸೊಗಸಾದ ಪ್ರಸಂಗವೇ. ಆದರೆ ಕಾಣೆಯಾದರೆಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳುವಂತಿಲ್ಲ. ಅದೇ ಮನುಷ್ಯ, ಅದೇ ಹೆಸರಿನಲ್ಲಿ 1920ರಲ್ಲೂ 1924ರಲ್ಲೂ ಒಲಿಂಪಿಕ್ಸ್‌ನಲ್ಲಿ ಓಡಿದ್ದರು!

ನಡುವಿನ ಆ ವರ್ಷಗಳಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ್ದು. 1916ರ ಬರ್ಲಿನ್ ಒಲಿಂಪಿಕ್ಸ್‌ಗೆ ಕನಾಕುರಿ ಮೈಗಟ್ಟಿ ಮಾಡಿಕೊಂಡಿದ್ದರು, ವಯಸ್ಸೂ ಅದಕ್ಕೆ ಸರಿಯಾಗಿತ್ತು. ಮಹಾಯುದ್ಧ ಬಂದು ಆ ಕೂಟವೇ ರದ್ದಾಯಿತು. ಒಬ್ಬಂಟಿಯಾಗಿ ಸ್ಟಾಕ್‌ಹೋಮ್‌ನಲ್ಲಿ ಬಿದ್ದವರಿಗೆ ಓಟಗಾರರ ದಂಡನ್ನೇ ಬೆಳೆಸಬೇಕೆನಿಸಿತ್ತು. 1917ರಲ್ಲಿ ಕ್ಯೋಟೊದಿಂದ ಟೋಕಿಯೊವರೆಗೆ 500 ಕಿಲೋಮೀಟರಿಗೂ ಹೆಚ್ಚಿನ ದೂರವನ್ನು ಸರದಿಯ ಮೇಲೆ ಓಡುವ ಸ್ಪರ್ಧೆ ನಡೆದಾಗ ಗೆದ್ದ ತಂಡದ ಕೊನೆಯ ಓಟಗಾರ ಅವರೇ. ಇದಕ್ಕೆ ‘ಎಕಿದೆನ್’ ಎಂದು ಹೆಸರು. ನಮ್ಮ ಹಳೆಯ ಅಂಚೆ ಹರಿಕಾರರು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಓಲೆ ಮುಟ್ಟಿಸುತ್ತಿದ್ದ ಕ್ರಮವೇ ಅಲ್ಲೂ ಇತ್ತು. ಆ ಪದ್ಧತಿಯೇ ಸ್ಪರ್ಧೆಯ ರೂಪ ತಾಳಿತು. 1920ರ ಫೆಬ್ರವರಿಯಲ್ಲಿ ಟೋಕಿಯೊ ಮತ್ತು ಹಕೋನೆ ಬೆಟ್ಟಗಳ ನಡುವೆ ಕಾಲೇಜುಗಳ ಎಕಿದೆನ್ ಶುರುವಾಯಿತು. ಸೇರಿದ್ದು ನಾಲ್ಕೇ ತಂಡ. ತಾಬಿಯನ್ನೂ ಅವರು ಬಿಡಲಿಲ್ಲ. ತಯಾರಕರ ಜೊತೆ ಕೂತು ಅದಕ್ಕೆ ರಬ್ಬರ್ ಅಟ್ಟೆ ಹಾಕಿಸಿದರು.

ಅದೇ 1920ರ ಆಗಸ್ಟ್ 22ರಂದು, ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ, ಕನಾಕುರಿಯ ಕತೆಗೆ ನಮ್ಮ ನಾಡಿನ ಎಳೆಯೊಂದು ಕೂಡಿಕೊಳ್ಳುತ್ತದೆ. ಭಾರತ ಒಲಿಂಪಿಕ್ಸ್‌ಗೆ ತಂಡ ಕಳಿಸಿದ್ದು ಆ ವರ್ಷವೇ ಮೊದಲು. ಪುಣೆಯ ಡೆಕ್ಕನ್ ಜಿಮಖಾನಾದ ಸ್ಪರ್ಧೆಯಲ್ಲಿ ರೈತಾಪಿ ಹುಡುಗರು ಬರಿಗಾಲಲ್ಲಿ ಓಡಿದ್ದನ್ನು ಕಂಡು ಬೆರಗಾದ ಸರ್ ದೋರಾಬ್ಜಿ ಟಾಟಾ ಮುಂದೆ ನಿಂತು, ತಮ್ಮ ಹಣವನ್ನೂ ಹಾಕಿ ಹೊರಡಿಸಿದ ತಂಡ ಅದು. ನೂರು ಮೀಟರ್ ಓಟದ ಅರ್ಹತೆಗೆ ಎಷ್ಟು ಕಾಲ ಇಡೋಣ ಎಂದು ಕೇಳಿದಾಗ ಸಮಿತಿಯ ಸದಸ್ಯರೊಬ್ಬರು ‘ಒಂದೆರಡು ನಿಮಿಷ’ ಎಂದರಂತೆ. ತಿಳಿವಳಿಕೆಯ ಮಟ್ಟ ಹೀಗಿದ್ದಾಗ ಮ್ಯಾರಥಾನ್‌ಗೆ ಆಯ್ಕೆಯಾದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿತ್ತು.

ಆಂಟ್‌ವರ್ಪ್‌ನಲ್ಲಿ ಬಿಸಿಲಿನ ಕಾಟವಿರಲಿಲ್ಲ, ಮಳೆ, ಚಳಿ. ದೂರ 42.75 ಕಿಲೋಮೀಟರ್, ಒಲಿಂಪಿಕ್ ಮ್ಯಾರಥಾನ್‌ಗಳಲ್ಲೇ ಅತಿ ಉದ್ದ. ಹಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಗೆದ್ದರು. ಕನಾಕುರಿ 16ನೆಯವರಾಗಿ ಓಟ ಮುಗಿಸಿದರು, ಎಂಟು ವರ್ಷಗಳ ನಂತರ. ಅವರ ಹಿಂದೆ ಸುಮಾರು ಎರಡು ನಿಮಿಷಗಳ ಅಂತರದಲ್ಲಿ, 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ, 19ನೆಯವರಾಗಿ ಬಂದವರು ಚೌಗುಲೆ. ಹಡಗಿನಲ್ಲಿ ಕಡಲು ದಾಟಿ, ಲಂಡನ್ನಿನಲ್ಲಿ ಕೆಲವು ವಾರ ತರಬೇತಿ ಪಡೆದು, ಯುರೋಪಿನ ಚಳಿಮಳೆಯಲ್ಲಿ ಓಡಿದ ಬೆಳಗಾವಿಯ ಈ ಓಟಗಾರನಿಗೂ ಪಟ್ಟಿಯಲ್ಲಿ ಸಿಕ್ಕಿದ್ದು ಒಂದು ಸಾಲು. ಅವರ ಪ್ರಯಾಣದ ದಣಿವನ್ನು ಬರೆದಿಟ್ಟ ದಿನಚರಿಯೊಂದು ಕನಾಕುರಿಯದರಂತೆ ನಮ್ಮ ಕಣ್ಣಿಗೆ ಬಿದ್ದಿದ್ದರೆ ಎಷ್ಟು ಚೆನ್ನಿತ್ತು!

1924ರ ಜುಲೈ 13ರಂದು ಪ್ಯಾರಿಸ್‌ನಲ್ಲಿ ಮ್ಯಾರಥಾನ್ ನಡೆದಾಗ ಸೆಕೆಗೆ ಹೆದರಿದ ಸಂಘಟಕರು ಓಟವನ್ನು ಸಂಜೆ ಐದರ ಮೇಲೆ ಶುರುಮಾಡಿದರು. ಸ್ಟಾಕ್‌ಹೋಮ್‌ನ ಮಧ್ಯಾಹ್ನಕ್ಕೂ ಇದಕ್ಕೂ ನಡುವೆ ಹನ್ನೆರಡು ವರ್ಷ. ಕನಾಕುರಿಗೆ ಆಗ ಮೂವತ್ತೆರಡು. ಅಲ್ಲೂ ಅವರು ದಾರಿಯ ನಡುವೆಯೇ ಓಟ ಬಿಡಬೇಕಾಯಿತು. ಒಲಿಂಪಿಕ್ಸ್‌ನಲ್ಲಿ ಅವರು ಮತ್ತೆ ಓಡಲಿಲ್ಲ. 1983ರಲ್ಲಿ ತೀರಿಕೊಂಡರು. ನಾಲ್ಕು ತಂಡಗಳಿಂದ ಆರಂಭವಾದ ಹಕೋನೆ ಎಕಿದೆನ್ ಈಗ ಜನವರಿ 2 ಮತ್ತು 3ರಂದು ನಡೆಯುತ್ತದೆ. ಎರಡು ದಿನ, 217 ಕಿಲೋಮೀಟರ್, ತಂಡಕ್ಕೆ ಹತ್ತು ಓಟಗಾರರು. ಹೊಸ ವರ್ಷದ ರಜೆಯಲ್ಲಿ ಜಪಾನಿನ ಜನ ಟಿ.ವಿ. ಮುಂದೆ ಕುಳಿತು ಅದನ್ನು ನೋಡುತ್ತಾರೆ. ಅತ್ಯುತ್ತಮ ಓಟಗಾರನಿಗೆ 2004ರಿಂದ ಕೊಡುತ್ತಿರುವ ಕಪ್‌ಗೆ ಕನಾಕುರಿಯ ಹೆಸರಿದೆ.