ನಗುವ ರಾಗದಲ್ಲಿ ಅಳುವ ಮಾತು

ಪ್ರಿಯಜನರ ವಿಯೋಗದಿಂದ ಹುಟ್ಟುವ ದುಃಖವನ್ನು ನಮ್ಮ ಆಲಂಕಾರಿಕರು ಎರಡು ಬಗೆಯಾಗಿ ಕಂಡಿರುವರು. ಮರಳಿ ಕೂಡುವ ಆಸೆ ಉಳಿದಿದ್ದರೆ ಅದು ವಿಪ್ರಲಂಭ ಶೃಂಗಾರ. ಆಸೆಯ ಎಳೆಯೇ ಹರಿದರೆ ಅದು ಕರುಣ. ಮೊದಲನೆಯದು ಸಾಪೇಕ್ಷ, ಎರಡನೆಯದು ನಿರಪೇಕ್ಷ ಎಂಬುದು ನಾಟ್ಯಶಾಸ್ತ್ರದ ನಿರ್ಣಯ. ಈ ಭೇದವು ಮಹಾಕಾವ್ಯಗಳಿಗೆ ಮಾತ್ರವಲ್ಲದೆ ಬೀದಿಯಲ್ಲಿ ಜನರು ಗುನುಗುವ ಹಾಡಿಗೂ ಸಲ್ಲುವುದೆಂಬುದಕ್ಕೆ ಜಪಾನಿನ ಒಂದು ಗೀತೆಯ ಚರಿತ್ರೆಯೇ ಸಾಕ್ಷಿ.

೧೯೬೦ರಲ್ಲಿ ಅಮೆರಿಕದೊಡನೆ ಆದ ಭದ್ರತಾ ಒಪ್ಪಂದವನ್ನು ವಿರೋಧಿಸಿ ಜಪಾನಿನ ಅಪಾರ ಜನಸ್ತೋಮವು ಬೀದಿಗಿಳಿಯಿತು. ಆದರೂ ಜೂನ್ ತಿಂಗಳಲ್ಲಿ ಒಪ್ಪಂದವು ಜಾರಿಗೆ ಬಂದಿತು. ಅಂತಹ ಒಂದು ಪ್ರತಿಭಟನೆಯಿಂದ ಮನೆಗೆ ನಡೆದುಬರುತ್ತಿದ್ದಾಗ ಮನಸ್ಸನ್ನು ಕವಿದ ನಿರಾಶೆಯೇ ಕವಿ ರೋಕುಸುಕೆ ಎಯ್ ಅವರ ಗೀತೆಗೆ ಬೀಜವಾಯಿತೆಂದು ಪ್ರತೀತಿ. ಗೀತೆಯಲ್ಲಾದರೋ ರಾಜಕೀಯದ ಸುಳಿವೇ ಇಲ್ಲ. ಇರುಳಿನಲ್ಲಿ ಒಬ್ಬಂಟಿಗನು ಕಣ್ಣೀರು ಕೆಳಗೆ ಬೀಳದಿರಲೆಂದು ಮುಖವನ್ನು ಮೇಲೆತ್ತಿ ನಡೆಯುವನು. ಕಳೆದ ದಿನಗಳನ್ನು ನೆನೆಯುವನು. ಕಳೆದುಕೊಂಡುದು ಏನೆಂಬುದನ್ನು ಕವಿಯು ಹೇಳಲಿಲ್ಲ.

ಹಾಚಿದಾಯ್ ನಾಕಾಮುರಾ ಅವರು ಈ ಶೋಕಕ್ಕೆ ಹೆಜ್ಜೆಹಾಕುವಂತಹ ಲಘುವಾದ ಧಾಟಿಯನ್ನು ಕೂಡಿಸಿದರು. ೧೯೬೧ರಲ್ಲಿ, ಇನ್ನೂ ಇಪ್ಪತ್ತು ತುಂಬದ ಕ್ಯೂ ಸಾಕಾಮೋಟೋ ಅದನ್ನು ಹಾಡಿದರು. ಹಾಡಿನ ನಡುವೆ ಮಾತು ನಿಂತು ಸಿಳ್ಳು ಮಾತ್ರ ಕೇಳಿಬರುವುದು. ಬಾಯಿ ಬಿಟ್ಟರೆ ಬಿಕ್ಕು ಹೊರಟೀತೆಂದು ಅಂಜಿದವನ ಸಿಳ್ಳು ಅದು.

ಜಪಾನೀ ಹೆಸರು ಪರದೇಶಿಯರ ನಾಲಗೆಗೆ ಒಗ್ಗದೆಂದು ಇಂಗ್ಲೆಂಡಿನಲ್ಲಿ ಇದಕ್ಕೆ ‘ಸುಕಿಯಾಕಿ’ ಎಂದು ಹೆಸರಿಟ್ಟರು. ಅದು ಮಾಂಸದ ಒಂದು ಅಡುಗೆಯ ಹೆಸರು! ವಿರಹಗೀತೆಗೆ ‘ಹುಳಿಯನ್ನ’ವೆಂದು ಕರೆದಂತಾಯಿತು. ಆದರೂ ೧೯೬೩ರ ಜೂನ್‌ನಲ್ಲಿ ಇದು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೂರು ವಾರ ಅಗ್ರಸ್ಥಾನದಲ್ಲಿದ್ದಿತು. ಜಪಾನೀ ಭಾಷೆಯ ಗೀತೆಯೊಂದು ಅಲ್ಲಿಗೇರಿದುದು ಅದೇ ಮೊದಲು. ಯಾವ ದೇಶದೊಡನೆ ಆದ ಒಪ್ಪಂದದಿಂದ ಕವಿಯು ನೊಂದನೋ, ಆ ದೇಶದ ಜನರೇ ಅರ್ಥವನ್ನರಿಯದೆ ಅವನ ಕಣ್ಣೀರನ್ನು ಮೆಚ್ಚಿಕೊಂಡರು.

೧೯೮೧ರಲ್ಲಿ ‘ಎ ಟೇಸ್ಟ್ ಆಫ್ ಹನಿ’ ಎಂಬ ಅಮೆರಿಕದ ಮೇಳವು ಇದೇ ರಾಗಕ್ಕೆ ಇಂಗ್ಲಿಷ್ ಮಾತುಗಳನ್ನು ಹೊಂದಿಸಿತು. ಅಲ್ಲಿ ದುಃಖದ ಕಾರಣವು ಸ್ಪಷ್ಟ: ಅಗಲಿಹೋದ ಪ್ರಣಯ. ಆ ಹಾಡೂ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಆದರೆ ಮಾತು ಸ್ಪಷ್ಟವಾದಂತೆ ನಡಿಗೆಯು ನಿಧಾನವಾಯಿತು. ಅಳುವವನು ಹೆಜ್ಜೆಹಾಕುವುದನ್ನು ಬಿಟ್ಟು ಕುಳಿತಂತಾಯಿತು. ಹೇಳದೆ ಬಿಟ್ಟುದರಿಂದಲೇ ಮೂಲಗೀತೆಯಲ್ಲಿ ಎಲ್ಲರ ವಿರಹಕ್ಕೂ ಎಡೆಯಿದ್ದಿತೆಂಬುದು ಇದರಿಂದ ವೇದ್ಯವಾಗುವುದು.

೧೯೮೫ರ ಆಗಸ್ಟ್ ೧೨ರಂದು ಟೋಕಿಯೋದಿಂದ ಓಸಾಕಾಕ್ಕೆ ಹೊರಟ ವಿಮಾನವು ಪರ್ವತಕ್ಕೆ ಅಪ್ಪಳಿಸಿ ೫೨೦ ಮಂದಿ ಮಡಿದರು. ಅವರಲ್ಲಿ ನಲವತ್ತಮೂರು ವಯಸ್ಸಿನ ಸಾಕಾಮೋಟೋ ಒಬ್ಬರು. ಅಂದಿನಿಂದ ಕೇಳುವವರಿಗೆ ಆ ಸಿಳ್ಳಿನಲ್ಲಿ ಕರುಣದ ಛಾಯೆ ಬೆರೆಯಿತು. ಆದರೂ ೨೦೧೧ರ ಭೂಕಂಪ ಮತ್ತು ಸುನಾಮಿಯ ತರುವಾಯ ಜಪಾನಿಗರು ಒಬ್ಬರಿಗೊಬ್ಬರು ಧೈರ್ಯ ತುಂಬಲು ಇದೇ ಹಾಡನ್ನು ಆರಿಸಿಕೊಂಡರು. ಮನೆಮಂದಿಯನ್ನು ಕಳೆದುಕೊಂಡವರ ಶೋಕವು ಶಾಸ್ತ್ರದ ಮಾತಿನಲ್ಲಿ ನಿರಪೇಕ್ಷವೇ ಸರಿ. ಆದರೆ ಹಾಡಿನ ರಾಗವು ಅವರನ್ನು ಕುಳ್ಳಿರಗೊಡದೆ ಮುಂದಕ್ಕೆ ನಡೆಯಿಸಿತು. ಅಪೇಕ್ಷೆಗೆ ಅಷ್ಟೇ ಸಾಕು.