ಕಂಠೀರವದಲ್ಲಿ ಖಾಲಿ ಸೀಟು: ಬೆಂಗಳೂರು ಎಫ್‌ಸಿ ಪಂದ್ಯಕ್ಕೆ ಜನ ಯಾಕೆ ಕಡಿಮೆ?

ಪಣಂಬೂರು: ರಾಜ್ಯದ ದೊಡ್ಡ ಫುಟ್ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ. ಆಟ ನೋಡಲು ಇಲ್ಲಿಂದ ಸುಮಾರು 350 ಕಿ.ಮೀ. ಹೋಗಬೇಕು.

2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, 2018–19ರಲ್ಲಿ ಐಎಸ್‌ಎಲ್. ಆಗ ಕಂಠೀರವ ಕ್ರೀಡಾಂಗಣದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗ ಕೂತು ಆಟ ನೋಡಿದ್ದೇ ಕಡಿಮೆ.

ಪೆಟ್ಟು ಬಿದ್ದದ್ದು ಕೊರೊನಾದಲ್ಲಿ. 2020–21, 2021–22ರ ಲೀಗ್ ಪಂದ್ಯಗಳು ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆದವು. ಟಿವಿಯಲ್ಲೇ ನೋಡಿ ರೂಢಿಯಾದವರು ಮತ್ತೆ ಗೇಟಿಗೆ ಬರೋದು ಸುಲಭವಲ್ಲ. 2023–24ರಲ್ಲಿ ತಂಡ 10ನೇ ಸ್ಥಾನಕ್ಕೆ ಕುಸಿಯಿತು. ಮರುವರ್ಷ ಫೈನಲ್ ತಲುಪಿತೇನೋ ನಿಜ. ಆದರೆ 2025ರಲ್ಲಿ ಲೀಗ್ ನಡೆಸುವ ಒಪ್ಪಂದದ ಗೊಂದಲದಿಂದ ಋತುವೇ ತಡವಾಯ್ತು. ತಾರೀಕೇ ಗೊತ್ತಿಲ್ಲದೆ ಬಸ್ ಟಿಕೆಟ್ ಮಾಡಿಸೋದು ಹೇಗೆ?

ರಾತ್ರಿ 7.30ರ ಆಟ ಮುಗಿಯುವಾಗ ಒಂಬತ್ತೂವರೆ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯಬೇಕಾದವರಿಗೆ ವಾರದ ಮಧ್ಯದ ಪಂದ್ಯ ಆಗದ ಮಾತು.